ಕಡೂರು ಸೀಮೆಯ ಮೂರು ಎಲೆ

ಹೊಸ ಊರಿಗೆ ಹೋದವರು ಮೊದಲು ಕೇಳುವ ಮಾತು ಎರಡು: ತಂಗುವುದೆಲ್ಲಿ, ಉಣ್ಣುವುದೆಲ್ಲಿ? ಮೊದಲನೆಯದಕ್ಕೆ ದಾರಿಹೋಕರು ಯಾರಾದರೂ ಉತ್ತರ ಹೇಳಿಯಾರು. ಎರಡನೆಯದಕ್ಕೆ ಊರಿನ ಚರಿತ್ರೆಯನ್ನೇ ಕೇಳಬೇಕಾಗುತ್ತದೆ. ಮೈಸೂರಿಗೆ ಪಾಕು, ಧಾರವಾಡಕ್ಕೆ ಪೇಡೆ, ಮದ್ದೂರಿಗೆ ವಡೆ, ದಾವಣಗೆರೆಗೆ ಬೆಣ್ಣೆದೋಸೆ ಎಂದು ಲೋಕವು ರುಚಿಗಳನ್ನು ಊರುಗಳಿಗೆ ಹಂಚಿಕೊಟ್ಟಿದೆ. ಈ ಹಂಚಿಕೆಯಲ್ಲಿ ಕಡೂರು, ತರೀಕೆರೆ, ಅಜ್ಜಂಪುರಗಳ ಪಾಲಿಗೆ ಹೆಸರಾಂತ ತಿಂಡಿಯೊಂದೂ ಬರಲಿಲ್ಲ. ಆದುದರಿಂದ ಈ ದಾರಿಯಲ್ಲಿ ಹಾಯುವವರು ಒಂದು ಲೋಟ ಕಾಫಿ ಕುಡಿದು ಮುಂದೆ ಸಾಗಿಬಿಡುತ್ತಾರೆ. ಹೆಸರಾದ ತಿಂಡಿಯಿಲ್ಲವೆಂದ ಮಾತ್ರಕ್ಕೆ ಊರಿಗೆ ರುಚಿಯಿಲ್ಲವೆಂದು ತಿಳಿಯಬಾರದು. ಈ ಮೂರು ಊರುಗಳು ಮೂರು ಬಗೆಯ ನೆಲದ ಮೇಲೆ ಕುಳಿತಿವೆ. ಮೂರರ ಎಲೆಯ ಮೇಲೂ ಬೇರೆ ಬೇರೆ ಧಾನ್ಯ ಬೀಳುತ್ತದೆ. ಆ ಎಲೆಗಳ ಹಿಂದಿರುವ ಕಥೆಯನ್ನು ತಿಳಿದುಕೊಂಡರೆ ಎಲ್ಲಿ ಉಣ್ಣಬೇಕೆಂಬುದು ನಿಮಗೇ ತಿಳಿಯುತ್ತದೆ.

ಮೊದಲು ನೆಲದ ಚಿತ್ರವನ್ನು ಮನಸ್ಸಿಗೆ ತಂದುಕೊಳ್ಳಿ. ನಡುವೆ ಬೀರೂರು ಜಂಕ್ಷನ್. ಅಲ್ಲಿಂದ ಬೆಂಗಳೂರಿನ ಕಡೆಗೆ ಹೊರಟರೆ ಕೂಗಳತೆಯಲ್ಲೇ ಕಡೂರು. ಶಿವಮೊಗ್ಗದ ದಾರಿ ಹಿಡಿದರೆ ತರೀಕೆರೆ. ಬಡಗಲಾಗಿ ಹುಬ್ಬಳ್ಳಿಯ ದಾರಿ ಹಿಡಿದರೆ ಅಜ್ಜಂಪುರ. ಮೂರೂ ಬೀರೂರಿಗೆ ಮೂವತ್ತು ಕಿಲೋಮೀಟರಿನೊಳಗೆ ಇವೆ. ಪಡುವಲಿಗೆ ಬಾಬಾಬುಡನ್ ಗಿರಿಯ ಸಾಲು ಅಡ್ಡಗೋಡೆಯಂತೆ ನಿಂತು ಮುಂಗಾರಿನ ಮೋಡಗಳನ್ನು ತಡೆಯುತ್ತದೆ. ಗೋಡೆಗೆ ಒತ್ತಿಕೊಂಡಿರುವ ತರೀಕೆರೆಗೆ ಮಳೆ ಸಿಕ್ಕುತ್ತದೆ. ಅದರ ಮರೆಗೆ ಬಿದ್ದ ಕಡೂರು ಮೋಡದ ನೆರಳನ್ನು ಕಂಡು ಸುಮ್ಮನಾಗಬೇಕು. ಅಜ್ಜಂಪುರದ ಸುತ್ತ ಕಪ್ಪು ಎರೆಭೂಮಿ ಮೊದಲಾಗುತ್ತದೆ. ಅಕ್ಕಿ, ರಾಗಿ, ಜೋಳ—ಕನ್ನಡ ನಾಡಿನ ಮೂರು ಮುಖ್ಯ ಧಾನ್ಯಗಳು ಇಷ್ಟು ಹತ್ತಿರ ಹತ್ತಿರ ಕೈಕೈ ಹಿಡಿದು ನಿಂತಿರುವ ಸೀಮೆ ಅಪರೂಪವೇ ಸರಿ.

ಕಡೂರಿನಿಂದ ಮೊದಲು ಮಾಡೋಣ. ಇಂದು ಚಿಕ್ಕಮಗಳೂರು ಎಂದು ಕರೆಯುವ ಜಿಲ್ಲೆಗೆ ೧೯೪೭ರವರೆಗೂ ಕಡೂರು ಜಿಲ್ಲೆ ಎಂದೇ ಹೆಸರಿತ್ತು. ೧೮೬೫ರಲ್ಲಿ ಕಚೇರಿಗಳು ಚಿಕ್ಕಮಗಳೂರಿಗೆ ಹೋದವು. ಹೆಸರು ಮಾತ್ರ ಎಂಬತ್ತು ವರ್ಷಕ್ಕೂ ಮೀರಿ ಕಡೂರಿನಲ್ಲೇ ಉಳಿಯಿತು. ಊಟದ ಮಾತಿನ ನಡುವೆ ಒಂದು ಉಪವಾಸದ ಮಾತನ್ನೂ ಹೇಳಬೇಕು. ಕಡೂರಿನ ಹಳೆಯ ಶಾಸನವೊಂದು ಗಂಗರ ಬೂತುಗನ ಅಕ್ಕ ಪಾಂಬಬ್ಬೆಯದು. ಅರಮನೆಯ ಸುಖವನ್ನು ತೊರೆದು ಮೂವತ್ತು ವರ್ಷ ತಪಸ್ಸು ಮಾಡಿ ಆಕೆ ಕ್ರಿ.ಶ. ೯೭೧ರಲ್ಲಿ ದೇಹವನ್ನು ಬಿಟ್ಟಳು. ಆಕೆ ವ್ರತಕ್ಕಾಗಿ ಹಸಿವನ್ನು ತಾನಾಗಿ ವರಿಸಿದಳು. ಈ ನೆಲದ ಒಕ್ಕಲು ಮಕ್ಕಳಿಗಾದರೋ ಹಸಿವು ಕೇಳದೆಯೇ ಬರುತ್ತಿತ್ತು.

ಅದನ್ನು ತಡೆಯಲು ಹಿಂದಿನವರು ಎರಡು ಉಪಾಯ ಮಾಡಿದರು. ಒಂದು ಕೆರೆ, ಇನ್ನೊಂದು ರಾಗಿ. ಗಿರಿಯ ಮೂಡಣ ಇಳಿಜಾರಿನಲ್ಲಿ ವೇದಾ, ಆವತಿ ಎಂಬ ಎರಡು ಹೊಳೆಗಳು ಹುಟ್ಟುತ್ತವೆ. ವೇದೆಯ ನೀರನ್ನು ಸಖರಾಯಪಟ್ಟಣದ ಬಳಿ ಅಯ್ಯನಕೆರೆಯಲ್ಲಿಯೂ ಆವತಿಯ ನೀರನ್ನು ಎಮ್ಮೆದೊಡ್ಡಿಯ ಬಳಿ ಮದಗದ ಕೆರೆಯಲ್ಲಿಯೂ ಹಿಡಿದು ನಿಲ್ಲಿಸಿದರು. ಎರಡೂ ಹೊಳೆಗಳು ಕಡೂರಿನ ಹತ್ತಿರ ಕೂಡಿ ವೇದಾವತಿಯಾಗಿ ಹಿರಿಯೂರಿನ ಕಡೆಗೆ ಹರಿಯುತ್ತವೆ. ಕೆರೆಯ ಕೆಳಗೆ ನೀರು ಹರಿದಲ್ಲಿ ಬತ್ತ ಬೆಳೆಯಿತು, ತೆಂಗು ಬೆಳೆಯಿತು. ನೀರು ಹತ್ತದ ಮೇಲಣ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ, ಹುಚ್ಚೆಳ್ಳು ಬೆಳೆದವು.

ರಾಗಿಯ ಗುಣವನ್ನು ನಮ್ಮ ಕವಿಗಳು ಕಂಡಿದ್ದರು. ಕನಕದಾಸರ ‘ರಾಮಧಾನ್ಯ ಚರಿತ್ರೆ’ಯಲ್ಲಿ ಬತ್ತಕ್ಕೂ ರಾಗಿಗೂ ಮೇಲು ಕೀಳಿನ ಜಗಳ ಹತ್ತುತ್ತದೆ, ಎರಡನ್ನೂ ಸೆರೆಯಲ್ಲಿಟ್ಟು ಕೆಲವು ಕಾಲದ ಮೇಲೆ ತೆಗೆದು ನೋಡಿದಾಗ ಬತ್ತ ಸೊರಗಿರುತ್ತದೆ, ರಾಗಿ ಹಾಗೆಯೇ ಗಟ್ಟಿಯಾಗಿರುತ್ತದೆ. ಇದು ಬರಿಯ ಕವಿಸಮಯವಲ್ಲ. ನಮ್ಮ ಬಯಲುಸೀಮೆಯ ರೈತರು ನೆಲದಲ್ಲಿ ಹಗೇವು ತೋಡಿ, ರಾಗಿಯನ್ನು ತುಂಬಿ, ಬಾಯಿ ಮುಚ್ಚಿ, ವರ್ಷಗಟ್ಟಲೆ ಕಾಪಾಡುತ್ತಿದ್ದರು. ಸುಗ್ಗಿಯ ಕಾಲದಲ್ಲಿ ಮುಚ್ಚಿದ ಹಗೇವು ಬರಗಾಲದಲ್ಲಿ ಬಾಯಿ ತೆರೆಯುತ್ತಿತ್ತು. ಹಗೇವುಗಳೂ ಬರಿದಾದ ಕಾಲವೊಂದು ಬಂತು. ಅದು ೧೮೭೬–೭೮ರ ಧಾತು–ಈಶ್ವರದ ಬರ. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷ ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರ ಹೊತ್ತಿಗೆ ೪೨ ಲಕ್ಷದ ಆಸುಪಾಸಿಗೆ ಇಳಿಯಿತು. ಈ ಅಂಕಿಗಳನ್ನು ನೆನೆದರೆ, ಎಲೆಯ ಮೇಲೆ ಅನ್ನ ಬಿಟ್ಟೇಳಬಾರದೆಂದು ಹಿರಿಯರು ಮಕ್ಕಳನ್ನು ಗದರಿಸುತ್ತಿದ್ದುದೇಕೆಂಬುದು ಅರ್ಥವಾಗುತ್ತದೆ.

ಆದುದರಿಂದ ಕಡೂರಿಗೆ ಬಂದವರು ಇಡ್ಲಿ–ದೋಸೆಗಿಂತ ಮೊದಲು ಮುದ್ದೆಯನ್ನು ಕೇಳಬೇಕು. ಮಧ್ಯಾಹ್ನದ ಹೊತ್ತು ಬಸ್ ನಿಲ್ದಾಣದ ಸುತ್ತಣ ಸಾಮಾನ್ಯ ಊಟದ ಮನೆಗಳಲ್ಲಿ ಬಿಸಿಮುದ್ದೆ ಸಿಕ್ಕುತ್ತದೆ. ಜೊತೆಗೆ ಹುರುಳಿಕಟ್ಟಿನ ಸಾರು, ಇಲ್ಲವೆ ಸೊಪ್ಪಿನ ಬಸ್ಸಾರು. ಚಳಿಗಾಲವಾದರೆ ಅವರೆಕಾಳಿನ ಸಾರು. ಹುಚ್ಚೆಳ್ಳಿನ ಚಟ್ನಿಪುಡಿ ಹೋಟೆಲುಗಳಲ್ಲಿ ಕಡಮೆ; ಪರಿಚಯದ ಮನೆಯಿದ್ದರೆ ನಾಚಿಕೆ ಬಿಟ್ಟು ಕೇಳಬಹುದು. ಮಾಂಸಾಹಾರಿಗಳು ಮಿಲಿಟರಿ ಹೋಟೆಲುಗಳಲ್ಲಿ ಮುದ್ದೆಯ ಜೊತೆಗೆ ಕುರಿಯ ಮಾಂಸದ ಸಾರು ಉಣ್ಣುತ್ತಾರೆ. ಕುರಿ ಈ ಬಯಲಿನ ಹಳೆಯ ಸಂಪತ್ತು. ತರೀಕೆರೆಯ ಏರಿಯ ಮೇಲೆ ಮೇಯುವ ಕರಿ ಕುರಿಮರಿಗಳನ್ನು ಕುರಿತು ನಾವೆಲ್ಲ ಎಳವೆಯಲ್ಲಿ ನಾಲಗೆ ತೊಡರುವಂತೆ ಹೇಳಿದ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಮುದ್ದೆಯ ಪಕ್ಕದಲ್ಲಿ ಈ ಸೀಮೆಯ ಇನ್ನೊಂದು ರುಚಿಯುಂಟು—ಬೆಣ್ಣೆ. ಬೆಣ್ಣೆಯ ಕಥೆ ಇಲ್ಲಿ ಅರಮನೆಯವರೆಗೂ ಹೋಗುತ್ತದೆ. ಮೈಸೂರಿನ ಒಡೆಯರು ಸಾಕಿದ್ದ ಹಸುಗಳ ಹಿಂಡುಗಳಿಗೆ ಚಿಕ್ಕದೇವರಾಜ ಒಡೆಯರು ತಮ್ಮ ಆಳ್ವಿಕೆಯಲ್ಲಿ, ಅಂದರೆ ೧೬೭೩ರಿಂದ ೧೭೦೪ರೊಳಗೆ, ಒಂದು ಇಲಾಖೆಯನ್ನೇ ಮಾಡಿ ‘ಬೆಣ್ಣೆ ಚಾವಡಿ’ ಎಂದು ಹೆಸರಿಟ್ಟರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು ಅದರ ಕೆಲಸ. ಹಿಂಡುಗಳು ಮೇಯಲು ನಾಡಿನ ಹಲವೆಡೆ ಹುಲ್ಲುಗಾವಲುಗಳನ್ನು ಮೀಸಲಿಟ್ಟರು. ಇವೇ ಕಾವಲುಗಳು. ಹೈದರನ ಕೈಯಲ್ಲಿ ಬೆಣ್ಣೆಯ ಚಾವಡಿ ಯುದ್ಧದ ಚಾವಡಿಯಾಯಿತು. ಈ ಹಿಂಡಿನ ಎತ್ತುಗಳು ಫಿರಂಗಿಗಳನ್ನು ಎಳೆದುದರಿಂದ ಅವನ ಸೈನ್ಯ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ಸಹಾಯಕ್ಕೆ ಹೋಯಿತೆಂದು ಚರಿತ್ರೆಕಾರರು ಬರೆದಿದ್ದಾರೆ. ಟಿಪ್ಪು ಬೆಣ್ಣೆ ಚಾವಡಿಗೆ ‘ಅಮೃತ ಮಹಲ್’ ಎಂದು ಹೆಸರನ್ನು ಬದಲಾಯಿಸಿದ. ೧೭೯೯ರ ಮೇಲೆ ಹಿಂಡುಗಳು ಇಂಗ್ಲಿಷರ ವಶಕ್ಕೆ ಹೋದವು. ಖರ್ಚು ಹೆಚ್ಚೆಂದು ೧೮೬೦ರಲ್ಲಿ ಇಲಾಖೆಯನ್ನು ಮುಚ್ಚಿ ದನಗಳನ್ನು ಮಾರಿದರು. ತಪ್ಪು ತಿಳಿದು ೧೮೬೬ರಲ್ಲಿ ಮತ್ತೆ ತೆರೆದರು. ೧೮೮೨ರಲ್ಲಿ ಮೈಸೂರು ಸರ್ಕಾರಕ್ಕೆ ಹಿಂದಿರುಗಿಸಿದರು. ೧೯೨೩ರಲ್ಲಿ ಅದು ಸೇನೆಯ ಆಡಳಿತದಿಂದ ವ್ಯವಸಾಯ ಇಲಾಖೆಗೆ ಬಂತು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರ ಇಂದಿಗೂ ಈ ತಳಿಯ ಮುಖ್ಯ ನೆಲೆ. ಬೀರೂರಿನಲ್ಲಿ ಹೋರಿಕರುಗಳ ಹರಾಜು ನಡೆದಾಗ ದೂರದೂರದ ರೈತರು ನೆರೆಯುತ್ತಾರೆ.

ಇಲ್ಲಿ ಒಂದು ಸೋಜಿಗವನ್ನು ಗಮನಿಸಿ. ಹೆಸರು ಬೆಣ್ಣೆಯದು, ತಳಿ ಮಾತ್ರ ನೊಗದ್ದು. ಅಮೃತ ಮಹಲ್ ಹಸು ಕೊಡುವ ಹಾಲು ಕಡಮೆ. ಅದರ ಕೀರ್ತಿಯೆಲ್ಲ ಎತ್ತಿನ ಕಾಲಿನ ವೇಗದಲ್ಲಿ. ಊರವರ ಬೆಣ್ಣೆಗೆ ಆಧಾರವಾದದ್ದು ಎಮ್ಮೆ. ಎಮ್ಮೆದೊಡ್ಡಿ ಎಂಬ ಊರಿನ ಹೆಸರೇ ಅದನ್ನು ಸಾರುತ್ತದೆ. ಮನೆಮನೆಯ ಹೆಂಗಸರು ಬೆಳಗಿನ ಜಾವ ಮೊಸರು ಕಡೆದು, ಬೆಣ್ಣೆಯ ಮುದ್ದೆಗಳನ್ನು ನೀರಿನಲ್ಲಿಟ್ಟುಕೊಂಡು ಸಂತೆಗೆ ತರುತ್ತಿದ್ದರು. ಆ ಹಣ ಅವರ ಕೈಗೇ ಸೇರುತ್ತಿತ್ತು. ಮಗಳ ಬಳೆಗೋ ಮಗನ ಪುಸ್ತಕಕ್ಕೋ ಆಗುತ್ತಿತ್ತು. ಹಾಲಿನ ಸಂಘಗಳು ಬಂದಮೇಲೆ ಹಾಲು ಹಾಲಾಗಿಯೇ ಹೊರಗೆ ಹೋಗುತ್ತದೆ; ಕಡೆಯುವ ಕೆಲಸ ಮನೆಗಳಲ್ಲಿ ಅಪರೂಪವಾಗಿದೆ. ಆದರೂ ಸಂತೆಯ ದಿನ ಹುಡುಕಿದರೆ ಮನೆಯ ಬೆಣ್ಣೆ ಸಿಕ್ಕೀತು. ಬಿಸಿ ರಾಗಿರೊಟ್ಟಿಯ ಮೇಲೆ ಅದನ್ನು ಇಟ್ಟುಕೊಂಡು, ಕರಗುವ ಮುನ್ನ ತಿನ್ನಬೇಕು. ಬೆಣ್ಣೆದೋಸೆಯ ಹೆಸರು ದಾವಣಗೆರೆಗೇ ಇರಲಿ. ಬೆಣ್ಣೆಯ ಹಳೆಯ ಚಾವಡಿಯ ನೆಲದಲ್ಲಿ ರೊಟ್ಟಿ–ಬೆಣ್ಣೆ ತಿಂದವರಿಗೆ ಕೊರಗಲು ಕಾರಣವಿಲ್ಲ.

ಇನ್ನು ತರೀಕೆರೆ. ಇಲ್ಲಿಗೆ ಬರುತ್ತಲೇ ಗಾಳಿಯ ತಂಪು ಬದಲಾಗುತ್ತದೆ. ಎಲೆಯ ಮೇಲೆ ರಾಗಿಯ ಜಾಗಕ್ಕೆ ಅಕ್ಕಿ ಬರುತ್ತದೆ. ಊರಿನಿಂದ ಕೆಲವೇ ಮೈಲಿ ದೂರದ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರನು ೧೧೯೬ರಲ್ಲಿ ಕಟ್ಟಿಸಿದ ದೇವಾಲಯವಿದೆ. ಅಲ್ಲಿಯ ಶಾಸನವನ್ನು ರಚಿಸಿದವನು ಜನ್ನ. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟುದರಿಂದ ಜನ್ಮಜನ್ಮಾಂತರ ತೊಳಲಿದವರ ಕಥೆಯನ್ನು ‘ಯಶೋಧರ ಚರಿತೆ’ಯಲ್ಲಿ ಹೇಳಿದ ಕವಿ ಇವನೇ. ದೇವಾಲಯವನ್ನು ನೋಡಲು ಬರುವವರು ಶಿಲ್ಪವನ್ನು ನೋಡಿ ಹಿಂದಿರುಗುತ್ತಾರೆ. ಸುತ್ತಣ ತೋಟ ಗದ್ದೆಗಳನ್ನೂ ಒಮ್ಮೆ ನೋಡಬೇಕು. ದೇವರ ನೈವೇದ್ಯವೂ ದಂಡನಾಯಕನ ಸಂಪತ್ತೂ ಮೂಲದಲ್ಲಿ ಇಂಥ ಗದ್ದೆಗಳಿಂದಲೇ ಬರಬೇಕಾಗಿತ್ತಷ್ಟೆ.

ತರೀಕೆರೆಯ ಎಲೆಯನ್ನು ಇತ್ತೀಚೆಗೆ ಇನ್ನಷ್ಟು ಹಸಿರಾಗಿಸಿದ್ದು ಭದ್ರೆ. ಲಕ್ಕವಳ್ಳಿಯಲ್ಲಿ ಆ ನದಿಗೆ ಕಟ್ಟಿದ ಅಣೆಕಟ್ಟು ೧೯೬೦ರ ದಶಕದಲ್ಲಿ ಮುಗಿಯಿತು. ಅದರ ಬಲದಂಡೆ ನಾಲೆ ತರೀಕೆರೆಯ ಸೀಮೆಯನ್ನು ಹಾಯ್ದು ದಾವಣಗೆರೆಯ ಕಡೆಗೆ ಹೋಗುತ್ತದೆ. ಬತ್ತ, ಕಬ್ಬು, ಅಡಿಕೆ ಅದರ ಬೆನ್ನು ಹಿಡಿದು ಹೋದವು. ಆದುದರಿಂದ ಇಲ್ಲಿ ನೀವು ಕೇಳಬೇಕಾದದ್ದು ಅಕ್ಕಿರೊಟ್ಟಿ, ಹಬೆಯಲ್ಲಿ ಬೆಂದ ಕಡುಬು, ಮಾವಿನ ಮಿಡಿ ಉಪ್ಪಿನಕಾಯಿ. ಮಳೆಗಾಲದಲ್ಲಿ ಕೆಸುವಿನ ಎಲೆಯ ಪತ್ರೊಡೆ, ಎಳೆ ಬಿದಿರಿನ ಕಳಲೆಯ ಪಲ್ಯ. ಬೇಸಗೆಯ ಕೊನೆಗೆ ಹಲಸಿನ ಹಣ್ಣಿನ ಕಡುಬು. ಇವು ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಕಾಣುವ ವಸ್ತುಗಳಲ್ಲ. ಮಲೆನಾಡಿನ ಅಡುಗೆ ತಿಂಗಳು ನೋಡಿ ನಡೆಯುತ್ತದೆ. ಆಷಾಢದಲ್ಲಿ ಸಿಕ್ಕುವುದು ಮಾಘದಲ್ಲಿ ಸಿಕ್ಕದು. ಮೀನು ತಿನ್ನುವವರು ಲಕ್ಕವಳ್ಳಿಯ ಕಡೆಗೆ ಹೋದರೆ ಭದ್ರೆಯ ಮೀನಿನ ರುಚಿ ನೋಡಬಹುದು.

ಮೂರನೆಯ ಎಲೆ ಅಜ್ಜಂಪುರದ್ದು. ಬಹುಕಾಲ ತರೀಕೆರೆ ತಾಲ್ಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲ್ಲೂಕು. ಇದರ ಎರೆಭೂಮಿಯಲ್ಲಿ ಹಿಂದೆ ಹತ್ತಿ, ಜೋಳ ಹೆಸರಾಗಿದ್ದವು. ಈರುಳ್ಳಿಯೂ ಇಲ್ಲಿಯ ದೊಡ್ಡ ಬೆಳೆ. ತರೀಕೆರೆಯ ಮೆತ್ತಗಿನ ಕಡುಬಿನಿಂದ ಇಲ್ಲಿಗೆ ಬಂದರೆ ಕಟಕಟನೆ ಮುರಿಯುವ ಜೋಳದ ರೊಟ್ಟಿ ಎದುರಾಗುತ್ತದೆ. ಜೊತೆಗೆ ಬದನೆಕಾಯಿಯ ಎಣ್ಣೆಗಾಯಿ, ಕಾಳಿನ ಪಲ್ಯ, ಕೆಂಪು ಖಾರ, ಗುದ್ದಿ ಒಡೆದ ಹಸಿ ಈರುಳ್ಳಿ. ಈರುಳ್ಳಿಯನ್ನು ಕತ್ತಿಯಿಂದ ಹೆಚ್ಚಿದರೆ ರುಚಿ ಕೆಟ್ಟೀತೆಂದು ಹೇಳುವ ಹಿರಿಯರಿದ್ದಾರೆ. ಖಾನಾವಳಿಯಲ್ಲಿ ಕುಳಿತು ಈ ಊಟವನ್ನು ಉಣ್ಣುವಾಗ ನೀವು ಹಳೆಯ ಮೈಸೂರಿನ ಅಂಚಿನಲ್ಲಿದ್ದೀರಿ ಎಂಬುದು ನಾಲಗೆಗೆ ತಿಳಿಯುತ್ತದೆ. ಸಂಜೆಗೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಅಂತರಘಟ್ಟೆಯ ದುರ್ಗಾಂಬೆಯ ಜಾತ್ರೆಗೆ ಸುತ್ತಣ ಊರುಗಳ ಜನ ಎತ್ತಿನ ಗಾಡಿ ಕಟ್ಟಿಕೊಂಡು ಬರುವಾಗ ಈ ಮಂಡಕ್ಕಿಯ ರಾಶಿಗಳನ್ನು ನೋಡಬೇಕು.

ಇಷ್ಟು ಹೇಳಿದ ಮೇಲೆ ಹೋಟೆಲಿನ ಮಾತನ್ನು ಬಿಡುವಂತಿಲ್ಲ. ಇಡ್ಲಿ ನಮ್ಮಲ್ಲಿ ಹೊಸದೇನೂ ಅಲ್ಲ. ಹತ್ತನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿಯೇ ಇಡ್ಡಲಿಗೆಯ ಹೆಸರಿದೆ, ಹನ್ನೊಂದನೆಯ ಶತಮಾನದ ‘ಲೋಕೋಪಕಾರ’ದಲ್ಲಿ ಅಡುಗೆಗೇ ಒಂದು ಭಾಗವಿದೆ, ಮೂರನೆಯ ಮಂಗರಸನಂತೂ ಷಟ್ಪದಿಯಲ್ಲಿ ಸೂಪಶಾಸ್ತ್ರವನ್ನೇ ಬರೆದ. ಹೊಸದಾಗಿ ಬಂದದ್ದು ತಿಂಡಿಯನ್ನು ಹಣಕ್ಕೆ ಮಾರುವ ಮನೆ. ಹಿಂದೆ ಪ್ರಯಾಣಿಕರು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು, ಇಲ್ಲವೆ ಛತ್ರದಲ್ಲಿಳಿದು ಅಡುಗೆ ಮಾಡಿಕೊಳ್ಳುತ್ತಿದ್ದರು. ಅನ್ನ ಮಾರುವುದು ಪಾಪವೆಂಬ ಭಾವನೆ ಬಲವಾಗಿತ್ತು. ರೈಲು ಅದನ್ನು ಸಡಿಲಿಸಿತು. ೧೮೮೯ರ ಹೊತ್ತಿಗೆ ಕಂಬಿಗಳು ಕಡೂರು, ಬೀರೂರು, ಅಜ್ಜಂಪುರಗಳನ್ನು ದಾಟಿ ಹರಿಹರವನ್ನು ಮುಟ್ಟಿದವು. ೧೮೯೯ರಲ್ಲಿ ಬೀರೂರಿನಿಂದ ತರೀಕೆರೆಯ ಮೇಲೆ ಶಿವಮೊಗ್ಗಕ್ಕೆ ಕವಲು ಹೋಯಿತು. ಜಂಕ್ಷನ್ ಎಂದರೆ ಕಾಯುವ ಜಾಗ. ಕಾಯುವವರಿಗೆ ಹಸಿವು ಹೆಚ್ಚು. ನಿಲ್ದಾಣದ ರಸ್ತೆಗಳಲ್ಲಿ ಹೋಟೆಲುಗಳು ಎದ್ದವು. ಚಿಕ್ಕಮಗಳೂರಿಗೆ ರೈಲು ಬಂದದ್ದು ೨೦೧೩ರಲ್ಲಿ; ಅಲ್ಲಿಯವರೆಗೆ ಗಿರಿಯ ಕಾಫಿಯ ನಾಡಿಗೆ ಹೋಗುವವರು ಕಡೂರಿನಲ್ಲೇ ಇಳಿಯಬೇಕಾಗಿತ್ತು. ಊರಿನ ಕಾಫಿಯ ಲೋಟಕ್ಕೆ ಗಿರಾಕಿಗಳ ಕೊರತೆಯಾಗಲಿಲ್ಲ.

ಆ ಲೋಟ ಎಲ್ಲರ ಕೈಗೂ ಒಂದೇ ಆಗಿತ್ತೇ ಎಂದು ನೀವು ಕೇಳಬೇಕು. ಆಗಿರಲಿಲ್ಲ. ರೈಲಿನ ಹಲಗೆಯ ಮೇಲೆ ಒತ್ತಾಗಿ ಕುಳಿತು ಬಂದವರು ಹೋಟೆಲಿನ ಬಾಗಿಲಲ್ಲಿ ಬೇರೆಬೇರೆಯಾಗುತ್ತಿದ್ದರು. ಮೈಸೂರು ಸೀಮೆಯ ಎಷ್ಟೋ ಊರುಗಳ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗಿನ ಕೋಣೆ, ಉಳಿದವರಿಗೆ ಹೊರಗಿನದು. ದಲಿತರಿಗೆ ಒಳಗೆ ಕಾಲಿಡುವ ಹಕ್ಕೇ ಇರಲಿಲ್ಲ; ಹೊರಗೆ ನಿಂತವರಿಗೆ ಬೇರೆ ಲೋಟ, ಅದನ್ನು ತೊಳೆದಿಡುವುದೂ ಅವರೇ. ೧೯೫೦ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ ೧೫ನೆಯ ವಿಧಿ ಹೋಟೆಲು, ಅಂಗಡಿ, ಬಾವಿ, ಕೆರೆಗಳ ಹೆಸರು ಹಿಡಿದು ಈ ಭೇದವನ್ನು ನಿಷೇಧಿಸಿತು. ೧೭ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದುಮಾಡಿತು. ೧೯೫೫ರ ಕಾಯಿದೆ ಅದಕ್ಕೆ ಶಿಕ್ಷೆಯನ್ನು ಗೊತ್ತುಮಾಡಿತು. ಕಾಯಿದೆ ಬಂದ ದಿನವೇ ಬೇರೆ ಲೋಟಗಳು ಮಾಯವಾಗಲಿಲ್ಲ. ಎಷ್ಟೋ ಜನ ಅವಮಾನವನ್ನು ಸಹಿಸಿ, ಬಾಗಿಲಲ್ಲಿ ನಿಂತು ಕೇಳಿ, ಒಳಗೆ ಹೋಗಿ ಕುಳಿತ ಮೇಲೆಯೇ ಒಂದೇ ಬೆಂಚು ನಿಜವಾಗಿ ಒಂದಾಯಿತು. ಒಳ್ಳೆಯ ಊಟದ ಮನೆಯನ್ನು ಗುರುತಿಸುವಾಗ ಸಾರಿನ ಹದವನ್ನು ನೋಡುವಂತೆಯೇ, ಅಲ್ಲಿ ಯಾರು ಯಾರ ಪಕ್ಕದಲ್ಲಿ ನಿಸ್ಸಂಕೋಚವಾಗಿ ಕುಳಿತಿದ್ದಾರೆಂಬುದನ್ನೂ ನೋಡಿರಿ. ಕನಕದಾಸರ ರಾಗಿ ಆಡಿದ ಜಗಳವೂ ಇದನ್ನೇ ಕುರಿತದ್ದಲ್ಲವೆ?

ಈ ಮೂರು ಎಲೆಗಳ ಮುಂದಿನ ಗತಿಯೇನು ಎಂಬ ಚಿಂತೆಯೂ ಇದೆ. ಕಾವಲುಗಳು ಬಹಳ ಕರಗಿವೆ. ಹೊಲವಾಗಿ, ನೆಡುತೋಪಾಗಿ, ಮನೆಯ ನಿವೇಶನವಾಗಿ ಹೋದದ್ದು ಎಷ್ಟೋ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು ೨೦೧೧ರಲ್ಲಿ ಕೃಷ್ಣಮೃಗಗಳ ಸಂರಕ್ಷಣೆಗಾಗಿ ಮೀಸಲಿಟ್ಟುದರಿಂದ ಅಲ್ಲಿ ಇನ್ನೂ ಹಳೆಯ ಹುಲ್ಲು ಗಾಳಿಗೆ ತೂಗುತ್ತದೆ. ಬಯಲಿನ ಹೊಲಗಳಿಗೂ ಕೊಳವೆಬಾವಿಯನ್ನು ನಂಬಿ ಅಡಿಕೆ ಏರಿ ಬಂದಿದೆ. ಅಡಿಕೆ ಹಣ ತರುತ್ತದೆ, ಆದರೆ ಅದು ಹೊಟ್ಟೆ ತುಂಬಿಸುವ ಬೆಳೆಯಲ್ಲ. ರೈತನನ್ನು ಇದಕ್ಕಾಗಿ ದೂರುವುದು ನ್ಯಾಯವಲ್ಲ. ರಾಗಿಯನ್ನು ಬಡವರ ಕೂಳೆಂದು ಹೀಗಳೆದು, ಪೇಟೆಯಲ್ಲಿ ಅದಕ್ಕೆ ಬೆಲೆಯಿಲ್ಲದಂತೆ ಮಾಡಿದವರು ಉಣ್ಣುವವರಾದ ನಾವೇ. ವಿಶ್ವಸಂಸ್ಥೆ ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದ ಮೇಲೆ ದೊಡ್ಡ ಊರುಗಳಲ್ಲಿ ರಾಗಿಗೆ ಗೌರವ ಹೆಚ್ಚಿದೆ. ಸಂತೋಷ. ಆ ಗೌರವ ಕಡೂರಿನ ಹೊಲದವರೆಗೂ ಮುಟ್ಟಬೇಕಾದರೆ ರಾಗಿಯನ್ನು ಉಣ್ಣಬೇಕು, ಕೇಳಿ ಉಣ್ಣಬೇಕು.

ಆದುದರಿಂದ ಈ ಕಡೆಗೆ ಬರುವವರಿಗೆ ನನ್ನ ಸಲಹೆ ಸರಳವಾದದ್ದು. ಎರಡು ದಿನ ಬಿಡುವು ಮಾಡಿಕೊಂಡು ಬನ್ನಿ. ಸಂತೆಯ ದಿನವನ್ನು ವಿಚಾರಿಸಿಕೊಂಡು ಬಂದರೆ ಇನ್ನೂ ಲೇಸು. ಮಧ್ಯಾಹ್ನದ ಮುದ್ದೆ ಕಡೂರಿನಲ್ಲಿ ಆಗಲಿ. ಮಾರನೆಯ ಬೆಳಗ್ಗೆ ತರೀಕೆರೆಯಲ್ಲಿ ಅಕ್ಕಿರೊಟ್ಟಿ ತಿಂದು ಅಮೃತಾಪುರವನ್ನು ನೋಡಿ. ರಾತ್ರಿಯ ರೊಟ್ಟಿ ಅಜ್ಜಂಪುರದ ಖಾನಾವಳಿಯಲ್ಲಿರಲಿ. ಎಲ್ಲಿಯೇ ಕುಳಿತರೂ ಬಡಿಸುವವರನ್ನು ಒಂದು ಮಾತು ಕೇಳಿ: ಈ ಹಿಟ್ಟು ಯಾವ ಊರಿನದು, ಈ ಬೆಣ್ಣೆ ಯಾರ ಮನೆಯದು? ಹೀಗೆ ಕೇಳಿದರೆ ಬೇಸರಪಡುವವರು ಈ ಸೀಮೆಯಲ್ಲಿ ಕಡಮೆ. ಕೇಳಿದವರ ಎಲೆಗೆ ಎರಡನೆಯ ಸಲ ಸಾರು ಬೀಳುವುದೂ ಉಂಟು.